ನೇತ್ರಾಣಿಯ ನೀರಿಗೆ ನೀವೂ ಇಳಿಯಬಹುದು

ಮುರುಡೇಶ್ವರದಿಂದ ಸ್ಕೂಬಾ ಡೈವಿಂಗ್‌ಗೆಂದು ನೇತ್ರಾಣಿ ದ್ವೀಪಕ್ಕೆ ಹೊರಡುವ ದೋಣಿಗಳಲ್ಲಿ ರಜಾ ದಿನಗಳಂದು ಒಂದು ನೋಟ ಸಾಮಾನ್ಯ. ಗಂಡ, ಮಗ, ಮೈದುನ ಎಲ್ಲರೂ ವೆಟ್‌ಸೂಟ್ ತೊಟ್ಟು ಸರದಿ ಕಾಯುತ್ತಿರುತ್ತಾರೆ. ಮನೆಯಾಕೆ ಅವರೆಲ್ಲರ ಮೊಬೈಲು, ಕನ್ನಡಕ, ಪರ್ಸುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. "ನೀವು ಇಳಿಯಲ್ವಾ?" ಎಂದರೆ ಬರುವ ಉತ್ತರಗಳೂ ಹೆಚ್ಚುಕಡಿಮೆ ಅವೇ. ಈಜು ಬರಲ್ಲ. ವಯಸ್ಸಾಯ್ತು. ಆ ಬಟ್ಟೆ ಹಾಕ್ಕೊಳ್ಳೋಕೆ ಮುಜುಗರ. ಇವತ್ತು ಡೇಟ್ ಆಗಿದೆ. ಕಿವಿ ನೋಯುತ್ತಂತೆ.

ಈ ಐದರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಗಟ್ಟಿ ಅರ್ಥವಿದೆ. ಎರಡಕ್ಕೂ ದಾರಿಯೂ ಇದೆ. ನಡುವಿನ ಮೂರಕ್ಕಾಗಿ ಕಡಲನ್ನು ಬಿಟ್ಟುಕೊಡಬೇಕಾಗಿಲ್ಲ. ಹೆಣ್ಣಿನ ದೇಹದಲ್ಲಿ ಡೈವಿಂಗ್‌ಗೆ ಅಡ್ಡಿಯಾಗುವಂಥದ್ದು, ಬಸಿರಿನ ತಿಂಗಳುಗಳನ್ನೂ ಹೆರಿಗೆಯ ನಂತರದ ಚೇತರಿಕೆಯ ದಿನಗಳನ್ನೂ ಬಿಟ್ಟರೆ, ಏನೂ ಇಲ್ಲ. ಬೇಕಾದದ್ದು ಸರಿಯಾದ ತಯಾರಿ ಮತ್ತು ಸಂಕೋಚ ಬಿಟ್ಟು ಪ್ರಶ್ನೆ ಕೇಳುವ ರೂಢಿ. ಈ ಬರಹ ಆ ತಯಾರಿಯ ಬಗ್ಗೆ.

ಅದಕ್ಕೆ ಮೊದಲು, ಇದು ಗಂಡಸರ ಆಟ ಎಂಬ ಅನಿಸಿಕೆಯನ್ನು ಸ್ವಲ್ಪ ಸರಿಸಬೇಕು. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಮುಳುಗುವುದೇ ಹೆಂಗಸರ ಕಸುಬು. ಹೇನ್ಯೊ ಎಂದು ಕರೆಯಲಾಗುವ ಈ ಹೆಂಗಸರು ಸಿಲಿಂಡರ್ ಇಲ್ಲದೆ, ಒಂದು ಉಸಿರಿನ ಬಲದಲ್ಲಿ ಸುಮಾರು 10 ಮೀಟರ್ ಆಳಕ್ಕಿಳಿದು ಚಿಪ್ಪುಜೀವಿಗಳನ್ನು ಕಿತ್ತು ತರುತ್ತಾರೆ. ಒಂದೊಂದು ಮುಳುಗಿಗೆ ಒಂದು ನಿಮಿಷದಷ್ಟು ಉಸಿರು; ದಿನಕ್ಕೆ ಏಳು ಗಂಟೆಯವರೆಗೂ ಕೆಲಸ. ಇವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಯುನೆಸ್ಕೊ 2016ರಲ್ಲಿ ಇವರ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಷ್ಟು ದೂರ ಹೋಗುವುದೂ ಬೇಡ. ರಾಮೇಶ್ವರದ ಪಕ್ಕ, ಪಾಂಬನ್ ಸುತ್ತಮುತ್ತಲ ಊರುಗಳ ಹೆಂಗಸರು ತಲೆಮಾರುಗಳಿಂದ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಕಡಲಪಾಚಿ ಕೀಳುತ್ತಿದ್ದಾರೆ. ಕಣ್ಣಿಗೆ ಗಾಗಲ್, ಬಂಡೆ ತರಚದಂತೆ ಬೆರಳಿಗೆ ಸುತ್ತಿದ ಬಟ್ಟೆ, ಸೊಂಟಕ್ಕೆ ಕಟ್ಟಿದ ಚೀಲ: ಇಷ್ಟೇ ಸಲಕರಣೆ. ನಮ್ಮ ಐಸ್‌ಕ್ರೀಮು, ಜೆಲ್ಲಿ, ಔಷಧಗಳಿಗೆ ಹೋಗುವ ಅಗಾರ್ ಬರುವುದು ಇಂಥ ಪಾಚಿಯಿಂದಲೇ. ಕೊಲ್ಲಿಯ ದ್ವೀಪಗಳು 1986ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರ ಕಸುಬಿಗೂ ಕಾನೂನಿಗೂ ತಿಕ್ಕಾಟ ಶುರುವಾಯಿತು. ಆಗ ಈ ಹೆಂಗಸರು ಸಂಘ ಕಟ್ಟಿಕೊಂಡರು. ಪಾಚಿ ಮತ್ತೆ ಬೆಳೆಯಲಿ ಎಂದು ತಿಂಗಳಿಗೆ ಹನ್ನೆರಡು ದಿನ ಮಾತ್ರ ಕೀಳುವುದೆಂದು ತಮಗೆ ತಾವೇ ಮಿತಿ ಹಾಕಿಕೊಂಡರು. ಅವರಲ್ಲೊಬ್ಬರಾದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ನಮ್ಮ ದೇಶದ ಡೈವಿಂಗ್ ಚರಿತ್ರೆ ಬರೆಯುವವರು ಇವರಿಂದಲೇ ಆರಂಭಿಸಬೇಕು ಎಂಬುದು ನನ್ನ ನಂಬಿಕೆ.

ಸಿಲಿಂಡರ್ ಬೆನ್ನಿಗೇರಿಸಿಕೊಂಡು ವಿಜ್ಞಾನಕ್ಕಾಗಿ ಮುಳುಗಿದವರಲ್ಲಿ ಸಿಲ್ವಿಯಾ ಅರ್ಲ್ ಹೆಸರು ಎಲ್ಲರಿಗಿಂತ ಮೊದಲು ನೆನಪಾಗುತ್ತದೆ. 1964ರಲ್ಲಿ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಆಂಟನ್ ಬ್ರೂನ್ ಹಡಗಿನಲ್ಲಿ ಎಪ್ಪತ್ತು ಗಂಡಸರ ನಡುವೆ ಆಕೆಯೊಬ್ಬಳೇ ಹೆಣ್ಣು. 1970ರಲ್ಲಿ ಟೆಕ್ಟೈಟ್ ಎಂಬ ಯೋಜನೆಯಡಿ ವಿಜ್ಞಾನಿಗಳನ್ನು ಕೆರಿಬಿಯನ್ ಕಡಲಿನಡಿಯ ಮನೆಯೊಂದರಲ್ಲಿ ವಾರಗಟ್ಟಲೆ ಇರಿಸಿದಾಗ ಗಂಡು ಹೆಣ್ಣು ಒಟ್ಟಿಗೆ ಇರುವುದು ಮೇಲಿನವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಐವರು ಹೆಂಗಸರದೇ ಒಂದು ತಂಡವಾಯಿತು, ಅರ್ಲ್ ಅದರ ನಾಯಕಿ. ಸುಮಾರು 15 ಮೀಟರ್ ಆಳದಲ್ಲಿ ಎರಡು ವಾರ ಇದ್ದು ಅವರು ಕೆಲಸ ಮುಗಿಸಿದರು. 1979ರಲ್ಲಿ ಹವಾಯಿಯ ಬಳಿ ಲೋಹದ ಕವಚದಂಥ ಜಿಮ್ ಸೂಟ್ ತೊಟ್ಟು, ಮೇಲಿನ ಹಡಗಿಗೆ ಯಾವ ಹಗ್ಗದ ನಂಟೂ ಇಲ್ಲದೆ, 381 ಮೀಟರ್ ಆಳದ ಕಡಲತಳದಲ್ಲಿ ಆಕೆ ನಡೆದಾಡಿದರು.

ವಯಸ್ಸಾಯ್ತು ಎನ್ನುವವರಿಗೆ ಇನ್ನೊಬ್ಬರ ಹೆಸರು ಹೇಳಬೇಕು. ಗೃಹಿಣಿ, ಚಿತ್ರಕಲಾವಿದೆ, ತಮಿಳುನಾಡಿನ ಉಮಾ ಮಣಿ. ಮಾಲ್ಡೀವ್ಸ್‌ನಲ್ಲಿದ್ದಾಗ ಹವಳದ ಬಗೆಗಿನ ಸಾಕ್ಷ್ಯಚಿತ್ರ ನೋಡಿ ಹವಳಗಳ ಚಿತ್ರ ಬರೆಯತೊಡಗಿದ ಅವರು ಐವತ್ತರ ಹತ್ತಿರ ಬಂದಾಗ ಈಜು ಕಲಿತು, ಡೈವಿಂಗ್ ಕಲಿತು, ತಾವು ಬರೆದದ್ದನ್ನು ಕಣ್ಣಾರೆ ನೋಡಲು ಕಡಲಿಗಿಳಿದರು. ಪ್ರಿಯಾ ತುವಶ್ಶೇರಿ 2019ರಲ್ಲಿ ಮಾಡಿದ 'ಕೋರಲ್ ವುಮನ್' ಸಾಕ್ಷ್ಯಚಿತ್ರ ಅವರದೇ ಕಥೆ.

ಒಂದು ಮುಳುಗೋ, ಒಂದು ಕೋರ್ಸೋ

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ; ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರ ಬಂದ ಮೇಲೆ ಇದರ ಹೆಸರು ಕೇಳದ ಕನ್ನಡಿಗರು ಕಡಿಮೆ. ಅಲ್ಲಿಗೆ ಹೋಗುವ ಬಹುಪಾಲು ಜನ ಮಾಡುವುದು ಪರಿಚಯದ ಡೈವ್. ಈಜು ಬರದಿದ್ದರೂ ಇದಕ್ಕೆ ಅವಕಾಶ ಕೊಡುತ್ತಾರೆ. ಸ್ವಲ್ಪ ಹೊತ್ತು ಪಾಠ, ಆಮೇಲೆ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ನೀರೊಳಗೆ ಕರೆದೊಯ್ಯುತ್ತಾರೆ, ಫೋಟೋ, ವಿಡಿಯೋ, ಮತ್ತೆ ಮೇಲೆ. ಈ ಬಗೆಯ ಡೈವ್‌ಗೆ 12 ಮೀಟರ್ ಗರಿಷ್ಠ ಮಿತಿ; ವಾಸ್ತವದಲ್ಲಿ ಅದಕ್ಕಿಂತ ಮೇಲೆಯೇ ಮುಗಿಯುವುದು ಹೆಚ್ಚು.

ಇದನ್ನು ಹೀಗಳೆಯುತ್ತಿಲ್ಲ. ರುಚಿ ಹತ್ತುವುದೇ ಇದರಿಂದ. ಆದರೆ ಇಲ್ಲಿ ನೀವು ಇನ್ನೊಬ್ಬರ ಕೈಯಲ್ಲಿರುವ ಸಾಮಾನು. ಎಷ್ಟು ಆಳ, ಯಾವಾಗ ಮೇಲೆ, ಎಲ್ಲವೂ ಅವರ ತೀರ್ಮಾನ. ಮನೆಯಲ್ಲಿ, ಆಫೀಸಿನಲ್ಲಿ ಬೇರೆಯವರ ತೀರ್ಮಾನಕ್ಕೆ ಹೊಂದಿಕೊಂಡು ಬಂದ ಹೆಣ್ಣುಮಕ್ಕಳು ಇಲ್ಲೂ ಅಷ್ಟಕ್ಕೇ ನಿಲ್ಲಬೇಕೆ? ಮನಸ್ಸಿದ್ದರೆ ಓಪನ್ ವಾಟರ್ ಕೋರ್ಸ್ ಮಾಡಿ. ಮೂರು ನಾಲ್ಕು ದಿನಗಳ ಕೋರ್ಸ್ ಅದು: ಪಾಠ, ಈಜುಕೊಳ ಅಥವಾ ಆಳವಿಲ್ಲದ ನೀರಿನಲ್ಲಿ ಅಭ್ಯಾಸ, ಕಡಲಿನಲ್ಲಿ ನಾಲ್ಕು ಡೈವ್. ಮುಗಿದ ಮೇಲೆ ಸಿಗುವ ಕಾರ್ಡು ಜಗತ್ತಿನ ಎಲ್ಲ ಕಡೆ ನಡೆಯುತ್ತದೆ. 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯಬಹುದು. ಖರ್ಚು ಪರಿಚಯದ ಡೈವ್‌ನ ಹಲವು ಪಟ್ಟು, ನಿಜ. ಆದರೆ ಆ ಕಾರ್ಡಿಗೆ ಅವಧಿ ಇಲ್ಲ. ಬಹಳ ದಿನ ಬಿಟ್ಟು ಇಳಿಯುವವರು ಒಮ್ಮೆ ಅಭ್ಯಾಸ ನವೀಕರಿಸಿಕೊಂಡರೆ ಆಯಿತು. ಹತ್ತು ವರ್ಷ ತುಂಬಿದ ಮಗಳನ್ನೂ ಜೂನಿಯರ್ ಕೋರ್ಸಿಗೆ ಸೇರಿಸಬಹುದು; ಅಮ್ಮ ಮಗಳು ಒಟ್ಟಿಗೆ ಕಲಿಯುವುದಕ್ಕಿಂತ ಚಂದದ ರಜೆ ನನಗಂತೂ ತೋಚುವುದಿಲ್ಲ.

ಕೋರ್ಸಿಗೆ ಈಜು ಬೇಕೇ ಬೇಕು. ಎಲ್ಲೂ ನಿಲ್ಲದೆ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಸ್ನಾರ್ಕೆಲ್, ಫಿನ್ಸ್ ಹಾಕಿಕೊಂಡು 300 ಮೀಟರ್. ಜೊತೆಗೆ ಹತ್ತು ನಿಮಿಷ ತೇಲಬೇಕು. ವೇಗ ಮುಖ್ಯವಲ್ಲ, ಶೈಲಿಯೂ ಮುಖ್ಯವಲ್ಲ. ನೀರಿನಲ್ಲಿ ಗಾಬರಿಯಾಗದಿರುವುದು ಮುಖ್ಯ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳಿಗೆ ಈಜು ಕಲಿಯುವ ಅವಕಾಶ ಬಾಲ್ಯದಲ್ಲಿ ಸಿಗುವುದಿಲ್ಲ. ಅಣ್ಣತಮ್ಮಂದಿರು ಕೆರೆ, ಬಾವಿ, ಹೊಳೆಯಲ್ಲಿ ಬಿದ್ದು ಎದ್ದು ಕಲಿತಿರುತ್ತಾರೆ, ಅಕ್ಕತಂಗಿಯರು ದಡದಲ್ಲಿ ಬಟ್ಟೆ ಕಾದಿರುತ್ತಾರೆ. ಆ ಕೊರತೆಯನ್ನು ನಲವತ್ತರಲ್ಲೂ ತುಂಬಿಕೊಳ್ಳಬಹುದು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳ ಹಲವು ಈಜುಕೊಳಗಳಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಸಮಯವಿರುತ್ತದೆ, ವಿಚಾರಿಸಿ. ಎರಡು ಮೂರು ತಿಂಗಳು ಬಿಡದೆ ಹೋದರೆ 200 ಮೀಟರ್ ಕಷ್ಟವಲ್ಲ. ಸ್ಕೂಬಾಕ್ಕೆ ಹೋಗುವವರು ಮುಖವನ್ನು ನೀರಿನೊಳಗಿಟ್ಟು ಬಾಯಿಂದ ನಿಧಾನ ಗಾಳಿ ಬಿಡುವುದನ್ನೂ ಮೂಗಿಗೆ ನೀರು ಹೋದಾಗ ಗಲಿಬಿಲಿಗೊಳ್ಳದಿರುವುದನ್ನೂ ಅಲ್ಲೇ ಅಭ್ಯಾಸ ಮಾಡಿಕೊಳ್ಳಲಿ.

ಕಿವಿಯ ಮಾತು ಕೇಳಿ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ನಮ್ಮ ಮೇಲಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಮೇಲೆ ಒಂದಿದ್ದದ್ದು 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು. ಅಂದರೆ ಒತ್ತಡ ಇಮ್ಮಡಿಯಾಗುವುದು ಮೊದಲ ಹತ್ತು ಮೀಟರಿನಲ್ಲೇ. ಹಾಗಾಗಿ ಕಿವಿಯ ತೊಂದರೆ ಆಳದಲ್ಲಲ್ಲ, ಇಳಿಯಲು ಶುರುಮಾಡಿದ ಎರಡು ಮೂರು ಮೀಟರಿನಲ್ಲೇ ಕಾಣಿಸಿಕೊಳ್ಳುತ್ತದೆ. ಕಿವಿಯೊಳಗಿನ ಗಾಳಿ ಕುಗ್ಗಿ ತಮಟೆ ಒಳಕ್ಕೆ ಬಾಗುವುದೇ ಆ ನೋವು. ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗಿನ ಮೂಲಕ ಮೆಲ್ಲಗೆ ಊದಿದರೆ ಗಂಟಲಿನ ಹಿಂದಿನ ನಾಳ ತೆರೆದು ಗಾಳಿ ಒಳಹೊಕ್ಕು ಕಿವಿ ಸರಿಯಾಗುತ್ತದೆ. ಇದನ್ನು ನೋವು ಬಂದ ಮೇಲೆ ಮಾಡುವುದಲ್ಲ, ನೋವು ಬರುವ ಮೊದಲು, ಅರ್ಧರ್ಧ ಮೀಟರಿಗೊಮ್ಮೆ ಮಾಡಬೇಕು. ತಲೆ ಕೆಳಗಾಗಿ ಇಳಿಯುವುದಕ್ಕಿಂತ ಕಾಲು ಕೆಳಗಾಗಿ, ಲಂಗರಿನ ಹಗ್ಗ ಹಿಡಿದು ಇಳಿದರೆ ಸುಲಭ. ಬರದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಬಲವಾಗಿ ಊದಲೇಬಾರದು, ತಮಟೆ ಹರಿಯಬಹುದು. ನೆಗಡಿ ಇದ್ದ ದಿನ ಇಳಿಯಬೇಡಿ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿಯುವುದು ಇನ್ನೂ ಅಪಾಯ, ಅದರ ಪರಿಣಾಮ ನೀರಿನಡಿಯಲ್ಲೇ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಹೊರಹೋಗದೆ ಸಿಕ್ಕಿಕೊಳ್ಳುತ್ತದೆ.

ಎರಡನೆಯ ಪಾಠ ಉಸಿರಿನದು, ಇದು ಡೈವಿಂಗ್‌ನ ಎಲ್ಲ ಪಾಠಗಳಿಗೂ ಹಿರಿಯದು. ಸ್ಕೂಬಾದಲ್ಲಿ ಎಂದೂ ಉಸಿರು ಕಟ್ಟಬಾರದು. ಆಳದಲ್ಲಿ ಒತ್ತಡದ ಗಾಳಿ ಎಳೆದುಕೊಂಡು, ಉಸಿರು ಹಿಡಿದೇ ಎರಡು ಮೀಟರ್ ಮೇಲೇರಿದರೂ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಿಧಾನವಾಗಿ, ಉದ್ದಕ್ಕೆ, ನಿಲ್ಲಿಸದೆ ಉಸಿರಾಡುತ್ತಿರಬೇಕು. ಭಯವಾದಾಗ ಉಸಿರು ಬಿಗಿಹಿಡಿಯುವುದು ನಮ್ಮೆಲ್ಲರ ಸ್ವಭಾವವಾದ್ದರಿಂದ ಈ ಅಭ್ಯಾಸ ಈಜುಕೊಳದಲ್ಲೇ ಮೈಗೂಡಬೇಕು.

ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಧಾರಣ ಗಾಳಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳಜಾಗ 11 ಲೀಟರ್. 200 ಬಾರ್ ಒತ್ತಡದಲ್ಲಿ ತುಂಬಿದಾಗ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40 ಲೀಟರ್ ಬೇಕು. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು ಎಂಬ ಲೆಕ್ಕದಲ್ಲಿ ಸುಮಾರು 40 ನಿಮಿಷ ಸಿಗುತ್ತದೆ. ಸಣ್ಣ ಮೈಕಟ್ಟಿನ ಹೆಂಗಸರು ಸಾಮಾನ್ಯವಾಗಿ ಕಡಿಮೆ ಗಾಳಿ ಬಳಸುವುದರಿಂದ ಅವರ ಸಿಲಿಂಡರ್ ಇನ್ನಷ್ಟು ಹೊತ್ತು ಬರುತ್ತದೆ. ಇನ್ನು ಭಾರದ ಮಾತು: ಸಿಲಿಂಡರ್ ಹದಿನೈದು ಕಿಲೋ ದಾಟುತ್ತದೆ, ದೋಣಿಯಲ್ಲಿ ಹೊತ್ತು ನಿಲ್ಲುವುದು ಕಷ್ಟ. ಕೂತಲ್ಲೇ ತೊಡಿಸಿ ಎಂದು ಕೇಳಿ. ಹಿಮ್ಮುಖವಾಗಿ ನೀರಿಗುರುಳಿದ ಕ್ಷಣದಿಂದ ಅದರ ಭಾರ ತಿಳಿಯುವುದಿಲ್ಲ.

ಮುಟ್ಟು, ಬಸಿರು, ಬಾಣಂತನ

ಇವುಗಳನ್ನು ಕೇಳಲು ಹಿಂಜರಿದೇ ಎಷ್ಟೋ ಜನ ಹಿಂದೆ ಉಳಿಯುತ್ತಾರೆ, ಬಿಡಿಸಿಯೇ ಹೇಳುತ್ತೇನೆ. ಮುಟ್ಟಿನ ದಿನಗಳಲ್ಲಿ ಡೈವ್ ಮಾಡಬಹುದು. ಟ್ಯಾಂಪನ್ ಅಥವಾ ಮೆನ್ಸ್ಟ್ರುವಲ್ ಕಪ್ ಬಳಸಿ. ಪ್ಯಾಡ್ ನೀರು ಹೀರಿ ಕೆಲಸಕ್ಕೆ ಬರುವುದಿಲ್ಲ. ಕಪ್ ಹೊಸದಾಗಿದ್ದರೆ ಒಂದೆರಡು ತಿಂಗಳು ಮೊದಲೇ ರೂಢಿ ಮಾಡಿಕೊಳ್ಳಿ, ದೋಣಿಯಲ್ಲಿ ಮೊದಲ ಪ್ರಯೋಗ ಬೇಡ. ಮುಟ್ಟಿನ ರಕ್ತದ ವಾಸನೆಗೆ ಶಾರ್ಕ್ ಬರುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಹೊಟ್ಟೆನೋವು, ತಲೆನೋವು, ಸುಸ್ತು ಹೆಚ್ಚಿದ್ದರೆ ಮಾತ್ರ ಆ ದಿನ ಬಿಡಿ. ಆರೋಗ್ಯವಾಗಿಲ್ಲದ ಯಾವ ದಿನಕ್ಕೂ ಅದೇ ನಿಯಮ.

ಬಸಿರಿಯರು ಇಳಿಯಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗುತ್ತದೆ. ಮೇಲೆ ಬರುವಾಗ ಅದು ಸಣ್ಣ ಗುಳ್ಳೆಗಳಾಗಬಹುದು. ದೊಡ್ಡವರಲ್ಲಿ ಇಂಥ ಗುಳ್ಳೆಗಳನ್ನು ಶ್ವಾಸಕೋಶ ಸೋಸಿಬಿಡುತ್ತದೆ. ಗರ್ಭದಲ್ಲಿರುವ ಮಗುವಿನ ರಕ್ತ ಬಹುಪಾಲು ಶ್ವಾಸಕೋಶದೊಳಗೆ ಹೋಗದೆ ಬೇರೆ ದಾರಿಯಲ್ಲಿ ಹರಿಯುವುದರಿಂದ ಅದಕ್ಕೆ ಆ ಸೋಸುವಿಕೆ ಇಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವವರೂ ಮುಟ್ಟು ತಡವಾಗಿದ್ದರೆ ಪರೀಕ್ಷಿಸಿಕೊಂಡೇ ದೋಣಿ ಹತ್ತಬೇಕು. ಗೊತ್ತಿಲ್ಲದೆ ಒಮ್ಮೆ ಇಳಿದಿದ್ದರೆ ಎದೆಗೆಡಬೇಡಿ, ವೈದ್ಯರಿಗೆ ಹೇಳಿ, ಮುಂದಿನ ಡೈವ್ ನಿಲ್ಲಿಸಿ. ಹೆರಿಗೆಯ ನಂತರ, ಅದರಲ್ಲೂ ಸಿಸೇರಿಯನ್ ಆದ ಮೇಲೆ, ಗಾಯ ಪೂರ್ತಿ ಮಾಗಿ ಮೈಗೆ ಕಸುವು ಬರುವವರೆಗೆ ಕಾಯಬೇಕು; ಎಷ್ಟು ದಿನವೆಂಬುದನ್ನು ನಿಮ್ಮ ವೈದ್ಯರೇ ಹೇಳಲಿ. ಮಗುವಿಗೆ ಹಾಲು ಕುಡಿಸುತ್ತಿರುವವರು ಇಳಿಯಬಹುದು, ಹಾಲಿಗೆ ತೊಂದರೆಯಿಲ್ಲ. ಇಳಿಯುವ ಮೊದಲು ಕುಡಿಸಿದರೆ ಬಿಗಿ ವೆಟ್‌ಸೂಟ್ ಹಿಂಸೆಯಾಗುವುದಿಲ್ಲ, ನೀರು ಮಾತ್ರ ಚೆನ್ನಾಗಿ ಕುಡಿಯಬೇಕು.

ಎಲ್ಲಕ್ಕಿಂತ ಹೆಚ್ಚಿನ ನನ್ನ ಕಾಳಜಿ ರಕ್ತಹೀನತೆಯ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಎಷ್ಟೋ ಜನರಿಗೆ ಅದರ ಅರಿವೇ ಇರುವುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುವವರು ಅಲೆಯೆದುರು ಈಜಬೇಕಾಗಿ ಬಂದಾಗ ಬೇಗ ದಣಿಯುತ್ತಾರೆ. ಹಿಮೊಗ್ಲೋಬಿನ್ ಪರೀಕ್ಷೆ ಅಗ್ಗದ್ದು, ಡೈವ್ ಇರಲಿ ಇಲ್ಲದಿರಲಿ ಒಮ್ಮೆ ಮಾಡಿಸಿಕೊಳ್ಳಿ. ಡೈವಿಂಗ್ ಕೇಂದ್ರದಲ್ಲಿ ತುಂಬಿಸುವ ಆರೋಗ್ಯದ ಫಾರಂನಲ್ಲಿ ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಆಪರೇಷನ್, ಸಕ್ಕರೆ ಕಾಯಿಲೆ ಇವುಗಳನ್ನೆಲ್ಲ ಕೇಳುತ್ತಾರೆ. 'ಎಲ್ಲದಕ್ಕೂ ಇಲ್ಲ ಅಂತ ಟಿಕ್ ಮಾಡಿ ಮೇಡಂ' ಎನ್ನುವವರಿರುತ್ತಾರೆ. ಮಾಡಬೇಡಿ. 'ಹೌದು' ಎಂದು ಬರೆದರೆ ಬಾಗಿಲು ಮುಚ್ಚಿತೆಂದಲ್ಲ, ವೈದ್ಯರ ಒಪ್ಪಿಗೆ ಪತ್ರ ಬೇಕಾಗುತ್ತದೆ ಅಷ್ಟೆ.

ಬಟ್ಟೆ, ಜಡೆ, ಮೂಗುಬೊಟ್ಟು

ಮುಜುಗರದ ಮಾತಿಗೆ ಉತ್ತರ ಸುಲಭ. ವೆಟ್‌ಸೂಟ್ ಕುತ್ತಿಗೆಯಿಂದ ಮೊಣಕಾಲಿನವರೆಗೆ ಅಥವಾ ಕಣಕಾಲಿನವರೆಗೆ ಮುಚ್ಚುವ ದಪ್ಪ ಬಟ್ಟೆ. ಒಳಗೆ ಲೆಗ್ಗಿಂಗ್ಸ್ ಮತ್ತು ಉದ್ದ ತೋಳಿನ ಈಜುಡುಗೆ ತೊಟ್ಟರೆ ಬಿಸಿಲಿನಿಂದಲೂ ರಕ್ಷಣೆ. ಚೂಡಿದಾರದ ಟಾಪು, ದುಪಟ್ಟಾ, ಜೀನ್ಸ್ ಬೇಡ. ನೀರು ಕುಡಿದು ಎಳೆಯುತ್ತವೆ. ಹೆಂಗಸರ ಅಳತೆಯ ವೆಟ್‌ಸೂಟ್ ಇದೆಯೇ ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ಗಂಡಸರ ಸೂಟು ಸೊಂಟದಲ್ಲಿ ಬಿಗಿ, ಭುಜದಲ್ಲಿ ಸಡಿಲ ಇರುತ್ತದೆ. ಸಡಿಲವಿದ್ದಲ್ಲಿ ನೀರು ಓಡಾಡಿ ಚಳಿ ಹತ್ತುತ್ತದೆ. ಗಾಳಿ ತುಂಬಿ ತೇಲಿಸುವ ಬಿಸಿಡಿ ಜಾಕೆಟ್ಟಿಗೂ ಇದೇ ಮಾತು. ಅದು ಮೈಗೆ ಒಪ್ಪದಿದ್ದರೆ ಸಿಲಿಂಡರ್ ಬೆನ್ನ ಮೇಲೆ ಅತ್ತಿತ್ತ ಹೊರಳುತ್ತಿರುತ್ತದೆ.

ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆಯದು. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿದರೂ ನೀರು ಸೋರುತ್ತದೆ. ಅಂದು ತಲೆಗೆ, ಮುಖಕ್ಕೆ ಎಣ್ಣೆ ಬೇಡ. ಜಿಡ್ಡಿನ ಮೇಲೆ ಮಾಸ್ಕ್ ಜಾರುತ್ತದೆ. ಉದ್ದ ಕೂದಲಿದ್ದವರು ಬಿಗಿಯಾಗಿ ಜಡೆ ಹೆಣೆದು, ಅದನ್ನು ಸೂಟಿನೊಳಗೆ ಸೇರಿಸಿಬಿಡಿ. ತಲೆಯ ಹಿಂದೆ ಗಂಟು ಕಟ್ಟಿದರೆ ಪಟ್ಟಿ ನಿಲ್ಲುವುದಿಲ್ಲ. ಮೂಗುಬೊಟ್ಟು ಸಣ್ಣದಾಗಿದ್ದರೆ ಮಾಸ್ಕಿನೊಳಗೇ ಇರುತ್ತದೆ, ಆದರೆ ಕಿವಿ ಸರಿಮಾಡಲು ಮತ್ತೆ ಮತ್ತೆ ಮೂಗು ಹಿಡಿಯುವಾಗ ಚುಚ್ಚುತ್ತದೆ, ತೆಗೆದಿಡುವುದೇ ಮೇಲು. ಕರಿಮಣಿ, ಬಳೆ, ಜುಮುಕಿ, ಕಾಲುಂಗುರ ಎಲ್ಲವನ್ನೂ ವಸತಿಗೃಹದಲ್ಲೇ ಭದ್ರಪಡಿಸಿ ಬನ್ನಿ. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರು ಸೂಟಿನೊಳಗೆ ಮೈಗಂಟಿಸಿಕೊಳ್ಳಬಹುದು, ಹೊರಗೆ ನೇತಾಡದಿದ್ದರಾಯಿತು.

ದುಡ್ಡು ಕೊಡುವ ಮೊದಲು

ಪ್ಯಾಡಿ, ಎಸ್‌ಎಸ್‌ಐ, ನೌಯಿ, ಸಿಮಾಸ್ ಇವು ಹೆಸರಾಂತ ತರಬೇತಿ ಪದ್ಧತಿಗಳು. ನಿಮ್ಮನ್ನು ಕರೆದೊಯ್ಯುವವರು ಇವುಗಳಲ್ಲೊಂದರ ಇನ್‌ಸ್ಟ್ರಕ್ಟರೇ ಎಂದು ಕೇಳಿ, ಅವರ ಸಂಖ್ಯೆ ಪಡೆದು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ ನೋಡಿ. ಒಬ್ಬರ ಜೊತೆ ಎಷ್ಟು ಜನ ಇಳಿಯುತ್ತಾರೆ? ಪರಿಚಯದ ಡೈವ್‌ಗೆ ಒಬ್ಬರಿಗೊಬ್ಬರು ಇದ್ದರೇ ಒಳ್ಳೆಯದು. ದೋಣಿಯಲ್ಲಿ ತುರ್ತಿಗೆ ಶುದ್ಧ ಆಮ್ಲಜನಕದ ವ್ಯವಸ್ಥೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಏನಾದರೂ ಆದರೆ ಯಾವ ಆಸ್ಪತ್ರೆ, ಒತ್ತಡ ಚಿಕಿತ್ಸೆಯ ಕೋಣೆ ಎಲ್ಲಿದೆ? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಕೇಂದ್ರವನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ನಂತರ ಹೆಂಗಸರದೇ ಪ್ರಶ್ನೆಗಳು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ? ದೋಣಿಯಲ್ಲಿ ಶೌಚಾಲಯ ಇದೆಯೇ? ಹೋಗಿಬರುವುದಕ್ಕೆ ಅರ್ಧ ದಿನ ಹಿಡಿಯುವಾಗ ಇದು ಸಣ್ಣ ಮಾತಲ್ಲ. ಇಲ್ಲವೆಂಬ ಕಾರಣಕ್ಕೆ ಬೆಳಗಿನಿಂದ ನೀರು ಕುಡಿಯದೆ ಇರುವ ಹೆಂಗಸರನ್ನು ನೋಡಿದ್ದೇನೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಡೈವಿಂಗ್‌ನ ಅಪಾಯ ಹೆಚ್ಚುತ್ತದೆ. ಮಹಿಳಾ ಇನ್‌ಸ್ಟ್ರಕ್ಟರ್ ಬೇಕಿದ್ದರೆ ಮುಂಚೆಯೇ ಕೇಳಿ, ಕೇಳುವವರು ಹೆಚ್ಚಾದರೆ ನೇಮಿಸಿಕೊಳ್ಳುವವರೂ ಹೆಚ್ಚುತ್ತಾರೆ. ಸಲಕರಣೆ ತೊಡಿಸುವಾಗ ಪಟ್ಟಿ ಬಿಗಿಯಲು, ನೀರಿನಲ್ಲಿ ಹಿಡಿದುಕೊಳ್ಳಲು ಸ್ಪರ್ಶ ಅನಿವಾರ್ಯ. ಎಲ್ಲಿ, ಯಾಕೆ ಹಿಡಿಯುತ್ತೇನೆ ಎಂದು ಒಳ್ಳೆಯ ಇನ್‌ಸ್ಟ್ರಕ್ಟರ್ ಮೊದಲೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ. ಅವರು ಹಿಡಿಯಬೇಕಾದದ್ದು ಸಿಲಿಂಡರಿನ ಮೇಲ್ಭಾಗ, ಜಾಕೆಟ್ಟಿನ ಪಟ್ಟಿ, ನಿಮ್ಮ ತೋಳು. ಅದಕ್ಕೆ ಮೀರಿದ್ದು ಕಿರುಕುಳ. ಡೈವ್ ನಿಲ್ಲಿಸಿ, ದೂರು ಕೊಡಿ.

ಡೈವಿಂಗ್‌ನಲ್ಲಿ ಒಂದು ಹಳೆಯ ನಿಯಮವಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಡೈವ್ ಅನ್ನು ಕೈಬಿಡಬಹುದು. ಯಾಕೆಂದು ಯಾರೂ ಕೇಳುವಂತಿಲ್ಲ. ದೋಣಿಯಿಂದ ಜಿಗಿಯುವ ಮುನ್ನವೂ, ಐದು ಮೀಟರ್ ಆಳದಲ್ಲೂ ಇದು ಅನ್ವಯ. "ಇಷ್ಟು ದುಡ್ಡು ಕೊಟ್ಟಿದೀವಲ್ಲ", "ಎಲ್ಲರೂ ಕಾಯ್ತಿದಾರೆ", "ಏನೂ ಆಗಲ್ಲ ಬನ್ನಿ ಅಕ್ಕ" ಎಂಬ ಮಾತುಗಳಿಗೆ ಕಟ್ಟುಬಿದ್ದು ಇಳಿಯಬೇಡಿ. ಹೆಬ್ಬೆರಳು ಮೇಲೆತ್ತಿದರೆ ನೀರೊಳಗೆ ಅದರ ಅರ್ಥ 'ಮೇಲೆ ಹೋಗೋಣ'. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ಮಾಡಬೇಕು. ತೊಂದರೆಯಿದ್ದರೆ ಅಂಗೈ ಅಗಲಿಸಿ ಅತ್ತಿತ್ತ ಅಲುಗಾಡಿಸಿ, ಎಲ್ಲಿ ತೊಂದರೆಯೋ ಅಲ್ಲಿಗೆ, ಉದಾಹರಣೆಗೆ ಕಿವಿಗೆ, ಬೆರಳು ತೋರಿಸಿ.

ಆ ದಿನ, ಮತ್ತು ಘಟ್ಟ ಹತ್ತುವ ಮುನ್ನ

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಸುಗ್ಗಿ. ಡಿಸೆಂಬರ್, ಜನವರಿಯಲ್ಲಿ ನೀರು ಹೆಚ್ಚು ತಿಳಿಯಾಗಿರುತ್ತದೆ. ಶನಿವಾರ, ಭಾನುವಾರದ ಗದ್ದಲ ತಪ್ಪಿಸಿ ವಾರದ ನಡುವೆ ಹೋದರೆ ಇನ್‌ಸ್ಟ್ರಕ್ಟರ್‌ಗಳಿಗೂ ಅವಸರವಿರುವುದಿಲ್ಲ. ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ತಿನ್ನಿ. ಖಾಲಿ ಹೊಟ್ಟೆಗೂ ತುಂಬಿದ ಹೊಟ್ಟೆಗೂ ದೋಣಿಯ ಓಲಾಟ ಆಗಿಬರುವುದಿಲ್ಲ. ವಾಂತಿಯ ಮಾತ್ರೆ ಬೇಕಿದ್ದವರು ವೈದ್ಯರನ್ನು ಕೇಳಿ, ನಿದ್ದೆ ಬರಿಸದಂಥದ್ದನ್ನು, ಹೊರಡುವ ಮೊದಲೇ ತೆಗೆದುಕೊಳ್ಳಿ.

ಕೆಳಗೆ ಗಿಳಿಮೀನು, ಚಿಟ್ಟೆಮೀನು, ಬಂಡೆಬಿರುಕಿನಿಂದ ಬಾಯಿ ತೆರೆದು ಇಣುಕುವ ಮೊರೇ ಹಾವುಮೀನು, ಬರಾಕುಡಗಳ ಹಿಂಡು, ಅದೃಷ್ಟವಿದ್ದರೆ ಕಡಲಾಮೆ ಸಿಗುತ್ತವೆ. ಏನನ್ನೂ ಮುಟ್ಟಬೇಡಿ. ಕಲ್ಲಿನಂತೆ ಕಾಣುವುದು ವಿಷದ ಮುಳ್ಳಿನ ಕಲ್ಲುಮೀನೂ ಆಗಿರಬಹುದು. ಕಲ್ಲಿನಂತೆ ಕಾಣುವ ಹವಳಕ್ಕೆ ಜೀವವಿದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜಾತಿಗಳೂ ಅದರಲ್ಲಿವೆ. ಫೋಟೋಗಾಗಿ ಹವಳದ ಮೇಲೆ ಮಂಡಿಯೂರಿ ಎಂದು ಯಾರಾದರೂ ಸನ್ನೆ ಮಾಡಿದರೆ ಒಪ್ಪಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹವಳ ಹುಲಿಯ ಜೊತೆಗಿದೆ. ಅದರ ಒಂದು ತುಣುಕು ತರುವುದೂ ಅಪರಾಧ.

ಮೇಲೇರುವುದು ನಿಧಾನ, ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಕಡಿಮೆ. ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಬರುವುದು ರೂಢಿ. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಅದು ಸಮಯ ಕೊಡುತ್ತದೆ. ಪೂರ್ತಿ ಹೋಗಲು ಗಂಟೆಗಳೇ ಬೇಕು. ಆದ್ದರಿಂದಲೇ ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹೆಚ್ಚು ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ವಿಮಾನದ ವಿಷಯ ಎಲ್ಲರೂ ಹೇಳುತ್ತಾರೆ, ಘಟ್ಟದ ವಿಷಯ ಹೇಳುವವರು ಕಡಿಮೆ. ಮುರುಡೇಶ್ವರ ಕಡಲ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ. ಮಧ್ಯಾಹ್ನ ಎರಡು ಡೈವ್ ಮುಗಿಸಿ ಅಂದೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವುದೂ ಗಾಳಿಯ ಒತ್ತಡ ಇಳಿದ ಕಡೆಗೆ ಹೋಗುವುದೇ. ಆಳವಿಲ್ಲದ ಒಂದು ಪರಿಚಯದ ಡೈವ್ ಆದರೆ ಚಿಂತೆ ಕಡಿಮೆ. ಕೋರ್ಸ್ ಮುಗಿಸಿದವರು ಒಂದು ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಹೊರಡಿ. ಕೀಲುನೋವು, ಚರ್ಮದ ಮೇಲೆ ಗಂಧೆ, ಕೈಕಾಲು ಜೋಮು, ವಿಪರೀತ ಸುಸ್ತು ಕಾಣಿಸಿದರೆ ಮಲಗೆದ್ದರೆ ಹೋಗುತ್ತದೆ ಎಂದು ಸುಮ್ಮನಾಗದೆ ಕೇಂದ್ರಕ್ಕೂ ವೈದ್ಯರಿಗೂ ತಿಳಿಸಿ. ಡೈವ್ ಮಾಡಿದ್ದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಕಾರ್ಡ್ ಕೈಗೆ ಬಂದ ಮೇಲೆ ಪುದುಚೇರಿ, ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪದ ಕಡಮತ್ ಎಲ್ಲವೂ ನಿಮ್ಮವು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ತಿಂಗಳು ಮೊದಲೇ ಶುರುಮಾಡಿ. ಪ್ರತಿ ಡೈವ್‌ನ ಆಳ, ಅವಧಿ, ಮುಳುಗಲೆಂದು ಸೊಂಟಕ್ಕೆ ಕಟ್ಟಿಕೊಂಡ ತೂಕ, ಉಳಿದ ಗಾಳಿ ಎಲ್ಲವನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಕಂಡ ಮೀನುಗಳನ್ನೂ, ಬೆಳ್ಳಗಾದ ಹವಳ ಕಂಡಿದ್ದರೆ ಅದನ್ನೂ ಜಾಗದ ಸಮೇತ ಗುರುತು ಹಾಕಿ. ಹವಳದ ಸಮೀಕ್ಷೆ ಮಾಡುವವರಿಗೆ ತರಬೇತಿ ಪಡೆದ ಡೈವರ್‌ಗಳ ಇಂಥ ಟಿಪ್ಪಣಿಗಳು ಬೇಕಾಗುತ್ತವೆ, ನಮ್ಮ ಕರಾವಳಿಯಲ್ಲಿ ಅವನ್ನು ಬರೆಯಬಲ್ಲ ಹೆಂಗಸರ ಸಂಖ್ಯೆ ಇನ್ನೂ ಬೆಳೆಯಬೇಕಿದೆ.